ಹಾಯಿದೋಣಿಗೆ ಮೋಟರ್: ಮೊದಲು ಶಾಫ್ಟ್ ಅಳತೆ ನೋಡಿ

ಚಿಕ್ಕ ಹಾಯಿದೋಣಿಗೆ ಔಟ್‌ಬೋರ್ಡ್ ಮೋಟರ್ (ದೋಣಿಯ ಹಿಂದೆ ಹೊರಗಡೆ ಸಿಕ್ಕಿಸುವ ಎಂಜಿನ್) ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ಹಾರ್ಸ್‌ಪವರ್. ನಾನು ಮೊದಲು ಕೇಳುವುದು ಶಾಫ್ಟ್, ಅಂದರೆ ಎಂಜಿನ್‌ನಿಂದ ನೀರಿನೊಳಗಿನ ಪ್ರೊಪೆಲ್ಲರ್‌ವರೆಗೆ ಇಳಿಯುವ ಕಾಲು, ಎಷ್ಟು ಉದ್ದ ಅಂತ. ಅಲೆಗೆ ದೋಣಿಯ ಹಿಂಭಾಗ ಮೇಲೆದ್ದಾಗ ಗಿಡ್ಡ ಶಾಫ್ಟಿನ ಪ್ರೊಪೆಲ್ಲರ್ ನೀರಿನಿಂದ ಹೊರಬರುತ್ತದೆ. ಎಂಜಿನ್ ಸುಮ್ನೆ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. 15 ಇಂಚಿನದು ಡಿಂಗಿ ಎಂಬ ಪುಟ್ಟ ದೋಣಿಗೆ ಸರಿ. ಹಾಯಿದೋಣಿಗೆ ಸಾಮಾನ್ಯವಾಗಿ 20 ಇಂಚು ಬೇಕು, 25 ಸಿಕ್ಕರೆ ಇನ್ನೂ ನೆಮ್ಮದಿ. ಮೋಟರ್ ಬ್ರ್ಯಾಕೆಟ್ ನೀರಿನಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆದೇ ಹೋಗಿ.

ಪವರ್ ಜಾಸ್ತಿ ಇದ್ದರೆ ವೇಗವೂ ಜಾಸ್ತಿ, ಅಲ್ವಾ? ಇಲ್ಲಿ ಹಾಗಲ್ಲ. ನೀರಿನ ಮಟ್ಟದಲ್ಲಿ 20 ಅಡಿ ಉದ್ದವಿರುವ ದೋಣಿ ಸುಮಾರು 6 ನಾಟ್‌ಗಿಂತ (ಗಂಟೆಗೆ ಸುಮಾರು 11 ಕಿ.ಮೀ.) ವೇಗವಾಗಿ ಹೋಗಲು ಒದ್ದಾಡುತ್ತದೆ. ದೋಣಿಯ ತೂಕದ ಪ್ರತಿ ಟನ್ನಿಗೆ 4 ಹಾರ್ಸ್‌ಪವರ್ ಲೆಕ್ಕ ಹಿಡಿದರೆ ಸಾಕು. ಅದಕ್ಕಿಂತ ದೊಡ್ಡದು ಹಾಕಿದರೆ ಹಿಂಬದಿಗೆ ಭಾರ, ಅಷ್ಟೇ.

ಪ್ರೊಪೆಲ್ಲರ್ ಮಾತ್ರ ಕಡಿಮೆ ಪಿಚ್‌ನದಿರಲಿ (ಪಿಚ್ ಅಂದರೆ ಲೆಕ್ಕದ ಪ್ರಕಾರ ಅದು ಒಂದು ಸುತ್ತಿಗೆ ಮುಂದೆ ಸಾಗುವ ದೂರ). ಎದುರುಗಾಳಿಯಲ್ಲಿ ಬೇಕಿರುವುದು ತಳ್ಳುವ ಶಕ್ತಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಹೊರಗಿಡುವ ಟ್ಯಾಂಕ್‌ಗೆ ಜೋಡಣೆ ಇದೆಯೇ ಎಂದೂ ಕೇಳಿ. ಅಲೆಯ ಮಧ್ಯೆ ಬಗ್ಗಿ ಪೆಟ್ರೋಲ್ ಸುರಿಯುವ ಕಷ್ಟ ಒಮ್ಮೆ ಪಟ್ಟವರಿಗೇ ಗೊತ್ತು.