ಅಕ್ವೇರಿಯಂ ಬಸವನಹುಳುವಿನ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ: ನೀರಿನಿಂದಲೇ ಆರಂಭಿಸಿ

ಬೆಂಗಳೂರಿನಲ್ಲಿ ಒಂದೇ ಬೀದಿಯ ಎರಡು ಮನೆಗಳ ನೀರು ಒಂದೇ ಬಗೆಯದೆಂದು ನಂಬುವಂತಿಲ್ಲ. ಒಂದು ಮನೆಯ ಸಂಪಿಗೆ ಕಾವೇರಿ ನೀರು ಬರುತ್ತದೆ, ಪಕ್ಕದವರು ಬೋರ್‌ವೆಲ್ ನೆಚ್ಚಿಕೊಂಡಿರುತ್ತಾರೆ, ಬೇಸಿಗೆಯಲ್ಲಿ ಎರಡೂ ಸಂಪುಗಳಿಗೆ ಟ್ಯಾಂಕರ್ ನೀರು ಸೇರಬಹುದು. ಆದ್ದರಿಂದ ಬಸವನಹುಳು ಸಾಕುವವರು ಕ್ಯಾಲ್ಸಿಯಂ ಎಷ್ಟು ಹಾಕಬೇಕೆಂದು ಕೇಳುವ ಮೊದಲು ತಮ್ಮ ತೊಟ್ಟಿಗೆ ಬೀಳುತ್ತಿರುವ ನೀರು ಎಂಥದೆಂದು ತಿಳಿದುಕೊಳ್ಳಬೇಕು.

ಚಿಪ್ಪಿನ ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಮೇಲೆ ಪ್ರೋಟೀನಿನ ತೆಳುವಾದ ಹೊದಿಕೆಯೊಂದಿರುತ್ತದೆ. ಬಸವನಹುಳು ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಆಹಾರದಿಂದಲೂ, ಮೈಯ ಮೂಲಕ ನೇರವಾಗಿ ನೀರಿನಿಂದಲೂ ಪಡೆದು, ಚಿಪ್ಪಿನ ಬಾಯಿಯ ಅಂಚಿಗೆ ಹೊಸ ಪದರವನ್ನು ಸೇರಿಸುತ್ತಾ ಬೆಳೆಯುತ್ತದೆ. ನೀರಿನ ಪಿಎಚ್ 7ಕ್ಕಿಂತ ಕೆಳಗೆ ಇಳಿದರೆ, ಅಂದರೆ ನೀರು ಆಮ್ಲೀಯವಾದರೆ, ಹೊದಿಕೆ ಸವೆದ ಕಡೆಯಲ್ಲೆಲ್ಲ ಕಾರ್ಬೊನೇಟ್ ಕರಗತೊಡಗುತ್ತದೆ, ಮತ್ತು ಚಿಪ್ಪಿನ ಅತ್ಯಂತ ಹಳೆಯ ಭಾಗವಾದ ತುದಿಯಲ್ಲಿ ಬಿಳಿಯ ಕುಳಿಗಳು ಮೊದಲು ಕಾಣಿಸಿಕೊಳ್ಳುತ್ತವೆ. ಹೀಗಾಗಿ ಚಿಪ್ಪಿನ ಆರೈಕೆಯೆಂದರೆ ಎರಡು ಕೆಲಸ: ಕಟ್ಟಲು ಕ್ಯಾಲ್ಸಿಯಂ ಒದಗಿಸುವುದು, ಕಟ್ಟಿದ್ದು ಕರಗದಂತೆ ನೀರನ್ನು ಕ್ಷಾರೀಯವಾಗಿ ಇಡುವುದು. ಎರಡನೆಯದನ್ನು ಮರೆಯುವವರೇ ಹೆಚ್ಚು.

ನಾನೂ ಮರೆತಿದ್ದೆ. ಶುದ್ಧವಾದ ನೀರೇ ಒಳ್ಳೆಯದೆಂದು ಭಾವಿಸಿ ಅಡುಗೆಮನೆಯ ಆರ್‌ಒ ನೀರನ್ನೇ ತೊಟ್ಟಿಗೆ ತುಂಬಿಸಿ, ಅಂದಕ್ಕಾಗಿ ದೊಡ್ಡ ಮರದ ತುಂಡನ್ನೂ ಬಾದಾಮಿ ಎಲೆಗಳನ್ನೂ ಇರಿಸಿದ್ದೆ. ಆರ್‌ಒ ಯಂತ್ರ ಖನಿಜಗಳನ್ನು ಬಹುಪಾಲು ತೆಗೆದುಬಿಡುತ್ತದೆ, ಮರ ಮತ್ತು ಎಲೆಗಳು ನೀರನ್ನು ನಿಧಾನವಾಗಿ ಆಮ್ಲೀಯಗೊಳಿಸುತ್ತವೆ. ಕೆಲವು ತಿಂಗಳಲ್ಲಿ ನನ್ನ ಹಳದಿ ಮಿಸ್ಟರಿ ಬಸವನಹುಳುವಿನ ಚಿಪ್ಪಿನ ತುದಿ ಸುಣ್ಣದ ಗೋಡೆಯಂತೆ ಉದುರತೊಡಗಿದ್ದನ್ನು ನೋಡಿ ಬಹಳ ನೊಂದುಕೊಂಡೆ. ಮನೆಗೆಲ್ಲ ಒಂದೇ ವಾಟರ್ ಸಾಫ್ಟ್‌ನರ್ ಹಾಕಿಸಿರುವ ಅಪಾರ್ಟ್‌ಮೆಂಟಿನವರೂ ಎಚ್ಚರದಿಂದಿರಬೇಕು, ಏಕೆಂದರೆ ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಅದರ ಬದಲಿಗೆ ಸೋಡಿಯಂ ಬಿಡುತ್ತದೆ.

ಪರೀಕ್ಷೆಗೆ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ, ಹನಿ ಹಾಕಿ ನೋಡುವ ಕಿಟ್ ಸಾಕು. ಜಿಎಚ್ ಎಂಬುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೇರಿದ ಗಡಸುತನವನ್ನು ತೋರಿಸುತ್ತದೆ. ಕೆಎಚ್ ಎಂಬುದು ಪಿಎಚ್ ಕುಸಿಯದಂತೆ ತಡೆಯುವ ಕಾರ್ಬೊನೇಟ್‌ಗಳ ಅಳತೆ. ಎರಡನ್ನೂ ಡಿಗ್ರಿಯಲ್ಲಿ ಹೇಳುತ್ತಾರೆ; ಒಂದು ಡಿಗ್ರಿಯೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 17.9 ಮಿಲಿಗ್ರಾಂ. ಜಿಎಚ್ 8ರಿಂದ 15, ಕೆಎಚ್ ಕನಿಷ್ಠ 4, ಪಿಎಚ್ 7.2ರಿಂದ 8 ಇದ್ದರೆ ನನ್ನ ಅನುಭವದಲ್ಲಿ ಮಿಸ್ಟರಿ, ನೆರೈಟ್, ರ‍್ಯಾಮ್ಸ್‌ಹಾರ್ನ್ ಮೂರೂ ಬಗೆಯ ಬಸವನಹುಳುಗಳು ಚೆನ್ನಾಗಿರುತ್ತವೆ. ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟುವಷ್ಟು ಗಡಸಾದ ಬೋರ್‌ವೆಲ್ ನೀರಿರುವವರು ನೀರಿಗೆ ಏನನ್ನೂ ಸೇರಿಸಬೇಕಾಗಿಲ್ಲ. ಆಹಾರದ ಕಡೆಗೆ ಗಮನ ಕೊಟ್ಟರೆ ಸಾಕು.

ಮೆದು ನೀರಿನವರಿಗೆ ಅತ್ಯಂತ ಸುಲಭವಾದದ್ದು ಕಟಲ್‌ಬೋನ್, ಅಂದರೆ ಕಟಲ್‌ಫಿಶ್ ಎಂಬ ಸಮುದ್ರಜೀವಿಯ ಒಳಚಿಪ್ಪು. ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಿನ ಪಕ್ಷಿಗಳ ಅಂಗಡಿಗಳಲ್ಲಿ ಕೇಳಬಹುದು. ಗ್ರಂಥಿಗೆ ಅಂಗಡಿಗಳಲ್ಲಿ ಸಮುದ್ರಫೇನವೆಂದು ಮಾರುವುದೂ ಇದೇ ವಸ್ತು. ಬಣ್ಣ ಅಥವಾ ಔಷಧಿ ಬೆರೆಸದ ತುಂಡನ್ನೇ ಆರಿಸಿ, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು, 40 ಲೀಟರಿನ ತೊಟ್ಟಿಗೆ ಎರಡು ಅಂಗುಲದಷ್ಟನ್ನು ಹಾಕಿ. ಮೊದಮೊದಲು ತೇಲುತ್ತದೆ, ನೀರು ಹೀರಿಕೊಂಡ ಮೇಲೆ ಮುಳುಗುತ್ತದೆ. ಕೆಎಚ್ ಕೂಡ ಕಡಿಮೆಯಿದ್ದರೆ ಪುಡಿ ಹವಳವನ್ನು ಬಲೆಯ ಚೀಲದಲ್ಲಿ ಕಟ್ಟಿ, ನೀರು ಹಾದುಹೋಗುವಂತೆ ಫಿಲ್ಟರ್ ಒಳಗೆ ಇಡುವುದು ಇನ್ನೂ ಒಳ್ಳೆಯದು. ಒಂದು ಹಿಡಿಯಿಂದ ಆರಂಭಿಸಿ, ವಾರಕ್ಕೊಮ್ಮೆ ಅಳೆದು, ಬೇಕಿದ್ದರೆ ಮಾತ್ರ ಹೆಚ್ಚಿಸಿ. ನೀರು ಆಮ್ಲೀಯವಾಗಿದ್ದಾಗ ಇವು ಬೇಗ ಕರಗುತ್ತವೆ, ಕ್ಷಾರೀಯವಾದಂತೆ ಕರಗುವಿಕೆ ತಾನಾಗಿ ನಿಧಾನವಾಗುತ್ತದೆ. ಈ ಕಾರಣದಿಂದಲೇ ಇವು ನೀರಿಗೆ ನೇರವಾಗಿ ಬೆರೆಸುವ ಪುಡಿ ಅಥವಾ ದ್ರಾವಣಗಳಿಗಿಂತ ಸುರಕ್ಷಿತ.

ಮೊಟ್ಟೆಯ ಚಿಪ್ಪೂ ಆಗಬಹುದು. ಕುದಿಸಿ, ಒಳಗಿನ ಪೊರೆಯನ್ನು ಪೂರ್ತಿ ತೆಗೆದು, ಹೆಂಚಿನ ಮೇಲೆ ಒಣಗುವಂತೆ ಬಿಸಿ ಮಾಡಿ ಪುಡಿ ಮಾಡಬೇಕು; ಪೊರೆ ಉಳಿದರೆ ನೀರು ಕೆಡುತ್ತದೆ.

ಎಲೆ ಅಡಿಕೆಯ ಸುಣ್ಣವನ್ನು ಯಾವ ಕಾರಣಕ್ಕೂ ಹಾಕಬೇಡಿ. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಚಿಟಿಕೆಯಷ್ಟು ಸುಣ್ಣವೂ ಸಣ್ಣ ತೊಟ್ಟಿಯ ಪಿಎಚ್ ಅನ್ನು ಥಟ್ಟನೆ ಏರಿಸಿ ಹುಳುವನ್ನೂ ಮೀನನ್ನೂ ಕೊಲ್ಲಬಲ್ಲದು. ಕಪ್ಪುಹಲಗೆಯ ಸೀಮೆಸುಣ್ಣ ಹೆಚ್ಚಾಗಿ ಜಿಪ್ಸಮ್ಮಿನದಾಗಿರುವುದರಿಂದ ಅದು ಕೆಎಚ್ ಹೆಚ್ಚಿಸುವುದಿಲ್ಲ. ರಂಗೋಲಿ ಪುಡಿಯಲ್ಲಿ ಏನು ಬೆರೆತಿದೆಯೋ ಹೇಳಲಾಗದು, ನಮ್ಮ ಕ್ಯಾಲ್ಸಿಯಂ ಮಾತ್ರೆಗಳಲ್ಲಿ ವಿಟಮಿನ್‌ಗಳೂ ಬೇರೆ ಪದಾರ್ಥಗಳೂ ಇರುತ್ತವೆ, ಎರಡೂ ಬೇಡ.

ಆಹಾರದಲ್ಲಿ ಪಾಲಕ್ ನೆಚ್ಚಿಕೊಳ್ಳುವಂತಿಲ್ಲ, ಏಕೆಂದರೆ ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಬಿಡುತ್ತದೆ. ನಾನು ನುಗ್ಗೆಸೊಪ್ಪನ್ನು ಬೇಯಿಸಿ ರುಬ್ಬಿ, ರುಬ್ಬಿದ ಒಂದು ಬಟ್ಟಲು ಸೊಪ್ಪಿಗೆ ಒಂದು ಚಮಚ ನುಣುಪಾದ ಮೊಟ್ಟೆ ಚಿಪ್ಪಿನ ಪುಡಿ ಮತ್ತು ಸ್ವಲ್ಪ ಮೀನಿನ ಆಹಾರವನ್ನು ಬೆರೆಸಿ, ಚೈನಾ ಗ್ರಾಸ್ ಕರಗಿಸಿದ ಬಿಸಿನೀರಿನೊಂದಿಗೆ ಹೆಪ್ಪುಗಟ್ಟಿಸುತ್ತೇನೆ. ಚಿಪ್ಪಿನ ಹಂದರಕ್ಕೆ ಪ್ರೋಟೀನ್ ಬೇಕಾಗುವುದರಿಂದ ಮೀನಿನ ಆಹಾರವನ್ನು ಬಿಡಬಾರದು. ಸಣ್ಣ ಚೌಕಗಳಾಗಿ ಕತ್ತರಿಸಿ ಫ್ರೀಜರಿನಲ್ಲಿಟ್ಟು, ದಿನ ಬಿಟ್ಟು ದಿನ ಸಂಜೆ ಒಂದು ತುಂಡು ಕೊಟ್ಟು, ಉಳಿದದ್ದನ್ನು ಬೆಳಗ್ಗೆ ತೆಗೆದುಬಿಡಬೇಕು.

ಕಾವೇರಿ ನೀರು ಮುಗಿದು ಟ್ಯಾಂಕರ್ ನೀರು ಬಂದ ವಾರ ಜಿಎಚ್ ಒಮ್ಮೆಲೇ ಬದಲಾಗಬಹುದಾದ್ದರಿಂದ, ಹೊಸ ನೀರಿನ ಕ್ಲೋರಿನ್ ತೆಗೆದ ಮೇಲೂ ತೊಟ್ಟಿಯ ನೀರನ್ನು ಒಂದು ಸಲಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಬದಲಿಸಬೇಡಿ. ಫಲಿತಾಂಶವನ್ನು ಚಿಪ್ಪಿನ ಬಾಯಿಯ ಅಂಚಿನಲ್ಲಿ ನೋಡಿ: ಬೆಳೆಯುವ ಹುಳುವಾದರೆ ಕೆಲವು ವಾರಗಳಲ್ಲಿ ನಯವಾದ, ಬಿರುಕಿಲ್ಲದ ಹೊಸ ಪಟ್ಟಿಯೊಂದು ಕಾಣುತ್ತದೆ. ತುದಿಯ ಹಳೆಯ ಕುಳಿಗಳು ಮಾತ್ರ ಮತ್ತೆ ತುಂಬುವುದಿಲ್ಲ. ಅವು ಇನ್ನಷ್ಟು ಆಳವಾಗದಿದ್ದರೆ ನೀರು ಸರಿಯಾಗಿದೆಯೆಂದು ತಿಳಿಯಬಹುದು.