ಗ್ರಿಬ್ ಫೈಲಿನಿಂದ ಎಕ್ಸೆಲ್ ಹಾಳೆಗೆ: ಚಿಂತಾಮಣಿ ಕಡೆಯ ಮಳೆ ಲೆಕ್ಕ

ನಮ್ಮ ರೈತ ಉತ್ಪಾದಕರ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ಟೊಮೆಟೊ ಬೆಳೆಯುವವರು ನನಗೆ ಫೋನ್ ಮಾಡುವುದು ಮಾತ್ರ ಲೆಕ್ಕಪತ್ರಕ್ಕಲ್ಲ, "ವಾನ ಒಸ್ತಾದಾ ಸಾರ್?" ಅಂತ, ಅಂದರೆ ಮಳೆ ಬರುತ್ತದಾ ಅಂತ ತೆಲುಗಿನಲ್ಲಿ ಕೇಳುವುದಕ್ಕೆ. ಅಂಗಮಾರಿ ರೋಗಕ್ಕೆ ಔಷಧಿ ಹೊಡೆದ ಮೇಲೆ ಮಳೆ ಸುರಿದರೆ ಔಷಧಿಯ ದುಡ್ಡೂ ಹೋಯಿತು, ಕೂಲಿಯೂ ಹೋಯಿತು. ಮೊಬೈಲಿನ ಮೋಡದ ಚಿತ್ರ ನೋಡಿ ಉತ್ತರ ಹೇಳಲಾಗುವುದಿಲ್ಲ. ಎಷ್ಟು ಮಿಲಿಮೀಟರು, ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ ಅಂತ ತಿಳಿಯಬೇಕಾದರೆ ಕಂಪ್ಯೂಟರಿನಲ್ಲಿ ಹವಾಮಾನ ಲೆಕ್ಕ ಹಾಕುವ ಮುನ್ಸೂಚನೆ ಮಾಡೆಲ್ಲಿನ ಮೂಲ ಅಂಕಿಗಳೇ ಬೇಕು. ಅಮೆರಿಕದ ಜಿಎಫ್ಎಸ್ ಮಾಡೆಲ್ಲಿನ ಅಂಕಿಗಳು ಪುಕ್ಕಟೆ ಸಿಗುತ್ತವೆ. ಆದರೆ ಅವು ಬರುವುದು ಗ್ರಿಬ್2 ಎಂಬ ರೂಪದಲ್ಲಿ. ಎಕ್ಸೆಲ್‌ಗೆ ಅದು ಅರ್ಥವಾಗುವುದಿಲ್ಲ.

ಫೈಲಿನ ರೂಪ ಬದಲಿಸುವ ಕೆಲಸ ಒಂದೇ ಸಾಲಿನ ಆಜ್ಞೆಯಲ್ಲಿ ಮುಗಿಯುತ್ತದೆ. ಆದರೆ ಅಂಕಿಯ ಜೊತೆಗಿದ್ದ ಅರ್ಥ, ಅಂದರೆ ಅದು ಯಾವ ಅವಧಿಯದು, ಯಾವ ಅಳತೆಯ ಮಾನದ್ದು, ಯಾವ ಜಾಗದ್ದು ಎಂಬುದು ದಾರಿಯಲ್ಲಿ ಕಳೆದುಹೋಗುತ್ತದೆ. ಅದಕ್ಕೇ ಈ ಬರಹ ಉದ್ದವಾಯಿತು. ಆಜ್ಞೆಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿ, ಮೈನಸ್ ಅಂದಲ್ಲಿ ಅಡ್ಡಗೀಟು (-).

ಬೇಕಾದ ಸಾಮಾನು: ಉಬುಂಟು ಇರುವ ಹಳೇ ಲ್ಯಾಪ್‌ಟಾಪ್ ಸಾಕು. ವಿಂಡೋಸ್ ಇದ್ದರೆ ಅದರೊಳಗೇ ಉಬುಂಟು ಓಡಿಸುವ ಡಬ್ಲ್ಯೂಎಸ್ಎಲ್ ಹಾಕಿಕೊಳ್ಳಿ. ರೂಪ ಬದಲಿಸುವ ಸಿಡಿಒ ಎಂಬ ತಂತ್ರಾಂಶ ಉಬುಂಟುವಿನದೇ ಆಪ್ಟ್ ಆಜ್ಞೆಯ ಮೂಲಕ ಬರುತ್ತದೆ, ಗ್ರಿಬ್ ಓದುವ ಡಬ್ಲ್ಯೂಗ್ರಿಬ್2 ತಂತ್ರಾಂಶಗಳ ಭಂಡಾರವಾದ ಕೊಂಡಾ-ಫೋರ್ಜ್‌ನಲ್ಲಿ ಸಿಗುತ್ತದೆ.

ಮೊದಲು ಡೌನ್‌ಲೋಡ್. ಜಿಎಫ್ಎಸ್ ದಿನಕ್ಕೆ ನಾಲ್ಕು ಸಲ ಓಡುತ್ತದೆ: ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಗಡಿಯಾರ) ಸಮಯ 00, 06, 12, 18ಕ್ಕೆ. ಪ್ರತಿ ಓಟ 384 ಗಂಟೆ, ಅಂದರೆ 16 ದಿನ ಮುಂದಕ್ಕೆ ಹೋಗುತ್ತದೆ. ಮೊದಲ 120 ಗಂಟೆವರೆಗೆ ಗಂಟೆಗೊಂದು ಫೈಲು, ಆಮೇಲೆ ಮೂರು ಗಂಟೆಗೊಂದು. ಒಂದೊಂದು ಫೈಲೂ ಸುಮಾರು ಅರ್ಧ ಜಿಬಿ, ಯಾಕೆಂದರೆ ಅದರಲ್ಲಿ ಇಡೀ ಭೂಮಿ ಇದೆ. ಅಂಟಾರ್ಕ್ಟಿಕಾದ ಗಾಳಿ ಕಟ್ಟಿಕೊಂಡು ನಮಗೇನಾಗಬೇಕು? ಈ ಅಂಕಿಗಳನ್ನು ಕೊಡುವ ಅಮೆರಿಕದ ನೋಮ್ಯಾಡ್ಸ್ ಜಾಲತಾಣದ ಗ್ರಿಬ್ ಫಿಲ್ಟರಿನಲ್ಲಿ ರೇಖಾಂಶ 76.5ರಿಂದ 79, ಅಕ್ಷಾಂಶ 12.5ರಿಂದ 14.5 ಕೊಡಿ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೂರೂ ಅದರೊಳಗೆ ಬರುತ್ತವೆ. ಮಳೆ, ಎರಡು ಮೀಟರ್ ಎತ್ತರದ ಉಷ್ಣಾಂಶ, ತೇವಾಂಶ, ಹತ್ತು ಮೀಟರ್ ಎತ್ತರದ ಗಾಳಿ ಇಷ್ಟಕ್ಕೆ ಮಾತ್ರ ಟಿಕ್ ಹಾಕಿ. ಅರ್ಧ ಜಿಬಿ ಹೋಗಿ ಕೆಲವೇ ಕೆಬಿ ಬರುತ್ತದೆ.

ಇಳಿದದ್ದು ನಿಜವಾಗಿ ಗ್ರಿಬ್ ಫೈಲೇ ಎಂದು ನೋಡಿ. ಗ್ರಿಬ್ ಅಂದರೆ ಹಲವು ಸಂದೇಶಗಳ ಸಾಲು. ಒಂದು ಸಂದೇಶದಲ್ಲಿ ಒಂದು ಅಂಶ, ಒಂದು ಎತ್ತರ, ಒಂದು ಸಮಯ. ಪ್ರತಿ ಸಂದೇಶದ ತಲೆಯಲ್ಲಿ ಗ್ರಿಬ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ, ಬಾಲದಲ್ಲಿ 7777. ಕರೆಂಟು ಹೋಗಿ ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಕೊನೆಯಲ್ಲಿ 7777 ಇರುವುದಿಲ್ಲ. ಸರ್ವರ್ ತಪ್ಪು ಸಂದೇಶ ಕಳಿಸಿದ್ದರೆ ತಲೆಯಲ್ಲಿ ಗ್ರಿಬ್ ಬದಲು ಎಚ್‌ಟಿಎಂಎಲ್ ಕಾಣುತ್ತದೆ. ಹೆಡ್, ಟೇಲ್ ಆಜ್ಞೆಗಳಲ್ಲಿ ಕ್ಷಣದಲ್ಲಿ ಗೊತ್ತಾಗುತ್ತದೆ.

ಈಗ ಒಳಗೇನಿದೆ ಓದಿ. ಡಬ್ಲ್ಯೂಗ್ರಿಬ್2, ಒಂದು ಜಾಗ, ಫೈಲಿನ ಹೆಸರು, ಎಂಟರ್. ಪಟ್ಟಿ ಬರುತ್ತದೆ. ಮಳೆಯ ಸಾಲು ಎಪಿಸಿಪಿ ಎಂಬ ಹೆಸರಲ್ಲಿರುತ್ತದೆ. ಇಲ್ಲಿ ನಿಧಾನವಾಗಿ ನೋಡಿ. ಒಂಬತ್ತನೇ ಗಂಟೆಯ ಫೈಲಿನಲ್ಲಿ ಎಪಿಸಿಪಿ ಎರಡು ಸಲ ಇರುತ್ತದೆ: ಒಂದು 6ರಿಂದ 9 ಗಂಟೆಯದು, ಇನ್ನೊಂದು 0ಯಿಂದ 9 ಗಂಟೆಯದು. ಮೊದಲನೆಯದು ಆರು ಗಂಟೆಗೊಮ್ಮೆ ಸೊನ್ನೆಯಿಂದ ಶುರುವಾಗುವ ಮೊತ್ತ. ಎರಡನೆಯದು ಓಟ ಆರಂಭವಾದಾಗಿನಿಂದ ಒಟ್ಟು ಮೊತ್ತ. ಎರಡಕ್ಕೂ ಹೆಸರು ಒಂದೇ ಆದ್ದರಿಂದ ಬೇರೆ ರೂಪಕ್ಕೆ ಬದಲಿಸುವಾಗ ಒಂದು ಇನ್ನೊಂದರ ಮೇಲೆ ಕೂತುಬಿಡುವ ಅಪಾಯವಿದೆ. ಯಾವುದು ಉಳಿಯಿತು ಎಂದು, ಎಕ್ಸೆಲ್ ತೆರೆಯಬಲ್ಲ ಸರಳ ಪಟ್ಟಿಯಾದ ಸಿಎಸ್‌ವಿ ನೋಡಿ ಹೇಳಲಾಗುವುದಿಲ್ಲ. ಅದಕ್ಕೆ ಮೊದಲೇ ಬೇಕಾದ ಸಾಲು ಹೆಕ್ಕುವ ಮೈನಸ್ ಮ್ಯಾಚ್ ಹಾಕಿ, ಅವಧಿ 0ನೇ ಗಂಟೆಯಿಂದ ಶುರುವಾಗುವ, ಅಂದರೆ ಒಟ್ಟು ಮೊತ್ತದ ಸಾಲನ್ನು ಮಾತ್ರ ಬೇರೆ ಮಾಡಿಟ್ಟುಕೊಳ್ಳಿ. ಇನ್ನೊಂದು ತಮಾಷೆ: 24ನೇ ಗಂಟೆಯ ಫೈಲಿನಲ್ಲಿ "0-24 ಅವರ್" ಎಂದು ಹುಡುಕಿದರೆ ಸಿಗುವುದಿಲ್ಲ. ಡಬ್ಲ್ಯೂಗ್ರಿಬ್2 ಅದನ್ನು "0-1 ಡೇ" ಎಂದು ಬರೆಯುತ್ತದೆ.

ಒಟ್ಟು ಮೊತ್ತವನ್ನೇ ಯಾಕೆ ಹಿಡಿಯಬೇಕು? ನಮ್ಮಲ್ಲಿ ಮಳೆ ಅಳೆಯುವ ದಿನ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ. ಭಾರತದ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ, ಹಾಗಾಗಿ 8:30 ಅಂದರೆ ಸರಿಯಾಗಿ 03 ಯುಟಿಸಿ. ಆರು ಗಂಟೆಯ ಕಂತುಗಳು ಈ ಗಡಿಗೆ ಕೂರುವುದಿಲ್ಲ. ಒಟ್ಟು ಮೊತ್ತವಿದ್ದರೆ ಸುಲಭ: 00 ಯುಟಿಸಿ ಓಟದ 27ನೇ ಗಂಟೆಯ ಮೊತ್ತದಲ್ಲಿ 3ನೇ ಗಂಟೆಯ ಮೊತ್ತ ಕಳೆದರೆ ನಮ್ಮ ಒಂದು ಮಳೆ ದಿನ ಸಿಕ್ಕಿತು. ಗ್ರಾಮ ಪಂಚಾಯಿತಿ ಮಳೆಮಾಪಕದ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸಬೇಕಾದದ್ದು ಇದನ್ನೇ. ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಕೂಡಿ, "ಮಾಡೆಲ್ ಸುಳ್ಳು ಹೇಳ್ತು" ಅನ್ನುವವರನ್ನು ಕಂಡಿದ್ದೇನೆ. ಸಂಜೆ ಮೇಲೆ ಶುರುವಾಗಿ ರಾತ್ರಿಯೆಲ್ಲ ಹಿಡಿಯುವ ಹಸ್ತ, ಚಿತ್ತ ಮಳೆಯಲ್ಲಿ ಆ ಲೆಕ್ಕ ಖಂಡಿತ ತಪ್ಪುತ್ತದೆ.

ಬದಲಿಸುವ ಹೆಜ್ಜೆ ಚಿಕ್ಕದು. ಎಕ್ಸೆಲ್ಲೇ ಗುರಿಯಾದರೆ ಡಬ್ಲ್ಯೂಗ್ರಿಬ್2ಗೆ ಫೈಲಿನ ಹೆಸರು ಕೊಟ್ಟು ಮೈನಸ್ ಸಿಎಸ್‌ವಿ, ಹೊಸ ಹೆಸರು ಹಾಕಿ, ಮುಗಿಯಿತು. ಓಟದ ಸಮಯ, ಅನ್ವಯಿಸುವ ಸಮಯ, ಅಂಶ, ಎತ್ತರ, ರೇಖಾಂಶ, ಅಕ್ಷಾಂಶ, ಅಂಕಿ ಈ ಕ್ರಮದಲ್ಲಿ ಕಾಲಂ ಬರುತ್ತವೆ. ನಡುವೆ ಹವಾಮಾನ ಅಂಕಿಗಳ ಇನ್ನೊಂದು ಫೈಲ್ ರೂಪವಾದ ನೆಟ್‌ಸಿಡಿಎಫ್ ಮಾಡಲೇಬೇಕು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಕ್ಯೂಜಿಐಎಸ್‌ನಲ್ಲಿ ನಕ್ಷೆ ಮಾಡುವವರಿಗೆ, ಪೈಥಾನ್ ಬರೆಯುವವರಿಗೆ ಮಾತ್ರ ಅದು ಬೇಕು. ಬೇಕಿದ್ದರೆ ಸಿಡಿಒ, ಮೈನಸ್ ಎಫ್, ಎನ್‌ಸಿ, ಕಾಪಿ, ಹಳೇ ಹೆಸರು, ಹೊಸ ಹೆಸರು. ಆದಮೇಲೆ ಎನ್‌ಸಿಡಂಪ್ ಮೈನಸ್ ಎಚ್ ಕೊಟ್ಟು ತಲೆಬರಹ ಓದಿ, ಮಾನ ಮತ್ತು ಸಮಯದ ಸಾಲು ನೋಡಿ.

ಸಿಎಸ್‌ವಿಗಳನ್ನು ಸಾಲಿನ ಸಂಖ್ಯೆ ನಂಬಿ ಅಕ್ಕಪಕ್ಕ ಅಂಟಿಸಬೇಡಿ. ಜಿಎಫ್ಎಸ್ ಫೈಲಿನೊಳಗೆ ಅಂಕಿಗಳು ಉತ್ತರದಿಂದ ದಕ್ಷಿಣಕ್ಕೆ ಇರುತ್ತವೆ, ಡಬ್ಲ್ಯೂಗ್ರಿಬ್2 ಹೊರಗೆ ಹಾಕುವಾಗ ದಕ್ಷಿಣದಿಂದ ಶುರು ಮಾಡುತ್ತದೆ. ಬೇರೆ ತಂತ್ರಾಂಶದ ಹಾಳೆ ಸೇರಿಸಿದರೆ ಪಾವಗಡದ ಬಿಸಿಲು ಮಾಲೂರಿಗೆ ಬಂದುಬಿಡುತ್ತದೆ. ಅಕ್ಷಾಂಶ, ರೇಖಾಂಶ ನೋಡಿಯೇ ಜೋಡಿಸಿ.

ಮಾನಗಳು: ಉಷ್ಣಾಂಶ ಕೆಲ್ವಿನ್‌ನಲ್ಲಿರುತ್ತದೆ, 273.15 ಕಳೆಯಿರಿ. ಗಾಳಿ ಸೆಕೆಂಡಿಗೆ ಮೀಟರ್, 3.6ರಿಂದ ಗುಣಿಸಿದರೆ ಗಂಟೆಗೆ ಕಿಲೋಮೀಟರ್. ಮಳೆ ಚದರ ಮೀಟರಿಗೆ ಕೆಜಿ ಎಂದಿರುತ್ತದೆ, ಗಾಬರಿ ಬೇಡ. ಒಂದು ಚದರ ಮೀಟರಿನ ಮೇಲೆ ಒಂದು ಕೆಜಿ ನೀರು ಹರಡಿದರೆ ಒಂದು ಮಿಲಿಮೀಟರ್ ನಿಲ್ಲುತ್ತದೆ. ಯುರೋಪಿನ ಹವಾಮಾನ ಕೇಂದ್ರವಾದ ಇಸಿಎಂಡಬ್ಲ್ಯೂಎಫ್ ಅಂಕಿ ಬಳಸುವವರು ಎಚ್ಚರ: ಅಲ್ಲಿ ಮಳೆ ಮೀಟರಿನಲ್ಲಿರುತ್ತದೆ, 1000ದಿಂದ ಗುಣಿಸಬೇಕು. ಮೊತ್ತ ಕಳೆಯುವಾಗ ಸೊನ್ನೆಗಿಂತ ಚೂರು ಕಡಿಮೆ ಬಂದರೆ ಅದು ಅಂಕಿಗಳನ್ನು ಒತ್ತಿ ಚಿಕ್ಕದು ಮಾಡುವಾಗ ಆದ ಸವೆತ, ಸೊನ್ನೆ ಎಂದೇ ಇಟ್ಟುಕೊಳ್ಳಿ.

ಒಂದೇ ಊರಿನ ಅಂಕಿ ಬೇಕಾದರೆ ಮೈನಸ್ ಲಾನ್ ಹಾಕಿ, ಮೊದಲು ರೇಖಾಂಶ 78.05, ಆಮೇಲೆ ಅಕ್ಷಾಂಶ 13.40. ಮಾಡೆಲ್ ಅಂಕಿ ಕೊಡುವುದು ಚೌಕಟ್ಟಿನಂತೆ ಹರಡಿದ ಬಿಂದುಗಳಿಗೆ ಮಾತ್ರ; ಚಿಂತಾಮಣಿಗೆ ಹತ್ತಿರದ ಬಿಂದುವಾಗಿ 78.0, 13.5 ಬರುತ್ತದೆ. ಬಿಂದುಗಳ ನಡುವೆ ಕಾಲು ಡಿಗ್ರಿ, ಸುಮಾರು 27 ಕಿಲೋಮೀಟರ್ ಅಂತರ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಎರಡಕ್ಕೂ ಹತ್ತಿರದ ಬಿಂದು ಒಂದೇ. 1,478 ಮೀಟರ್ ಎತ್ತರದ ನಂದಿಬೆಟ್ಟ ಮಾಡೆಲ್ಲಿಗೆ ಬೆಟ್ಟವಾಗಿ ಕಾಣುವುದೇ ಇಲ್ಲ. ಹಾಗಾಗಿ ಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟದವರು ಉಷ್ಣಾಂಶವನ್ನು ತಮ್ಮ ಎತ್ತರಕ್ಕೆ ಸರಿಪಡಿಸಿಕೊಳ್ಳಬೇಕು, ಕಿಲೋಮೀಟರಿಗೆ ಸುಮಾರು ಆರೂವರೆ ಡಿಗ್ರಿ ಲೆಕ್ಕದಲ್ಲಿ. ಉಷ್ಣಾಂಶಕ್ಕೆ ನಾಲ್ಕು ಬಿಂದುಗಳ ನಡುವಿನ ಅಂದಾಜು ತೆಗೆದರೂ ನಡೆಯುತ್ತದೆ. ಮಳೆಗೆ ಬೇಡ, ಜೋರು ಮಳೆಯೆಲ್ಲ ತುಂತುರಾಗಿಬಿಡುತ್ತದೆ.

ಔಷಧಿ ಹೊಡೆಯುವವರು ಬೆಳಿಗ್ಗೆ ಆರಕ್ಕೇ ತೋಟಕ್ಕೆ ಇಳಿಯುತ್ತಾರೆ. 00 ಯುಟಿಸಿ ಓಟದ ಅಂಕಿ ಪೂರ್ತಿ ಬರುವಷ್ಟರಲ್ಲಿ ನಮ್ಮಲ್ಲಿ ಹತ್ತು ಗಂಟೆ ದಾಟಿರುತ್ತದೆ. ಅದಕ್ಕೆ ನಾನು ಬಳಸುವುದು 12 ಯುಟಿಸಿಯದು. ಹೊತ್ತಿಗೆ ಸರಿಯಾಗಿ ಆಜ್ಞೆ ಓಡಿಸುವ ಕ್ರಾನ್‌ನಲ್ಲಿ ರಾತ್ರಿ ಹನ್ನೊಂದೂವರೆಗೆ ಇಟ್ಟರೆ ಬೆಳಗಾಗುವುದರೊಳಗೆ ಹಾಳೆ ಸಿದ್ಧ. ಆಗ 3 ಮತ್ತು 27ರ ಬದಲು 15 ಮತ್ತು 39ನೇ ಗಂಟೆಯ ಫೈಲು ಹಿಡಿಯಬೇಕು.