ಕನ್ನಡಿ ಹಿಡಿದು ‘ಕೊಂಡ’ ಕಲಿಸಿದ್ದು: ನನ್ನ ಅನುಭವ

ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಸುಮಾರು 11 ವರ್ಷದಿಂದ ಬೇರೆ ಭಾಷೆಯವರಿಗೆ ಮಾತಾಡುವ ಕನ್ನಡ ಹೇಳಿಕೊಡುತ್ತಿದ್ದೇನೆ. ಈ ಕೆಲಸದಲ್ಲಿರುವ ಎಲ್ಲರಿಗೂ ಗಾಡಿ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತು. ‘ಬಾಚಿದ’ ಎರಡನೇ ವಾರಕ್ಕೇ ಬಾಯಿಗೆ ಬರುತ್ತದೆ. ತನ್ನ ತಲೆ ತಾನೇ ಬಾಚಿದ ಅನ್ನೋಕೆ ‘ಕೊಂಡ’ ಸೇರಿಸಿ ಹೇಳುವ ‘ಬಾಚ್ಕೊಂಡ’ ಮಾತ್ರ ಆರು ತಿಂಗಳಾದರೂ ಬರುವುದಿಲ್ಲ.

ನನ್ನ ಹತ್ತಿರ ಈಗ ನಾಲ್ಕನೇ ವಾರಕ್ಕೆ ಬರುತ್ತಿದೆ. ಕಳೆದ ಮೂರು ಬ್ಯಾಚು ಸೇರಿ 30 ಜನ ಇರಬಹುದು. ಅದರಲ್ಲಿ 25 ಜನ ತಡವರಿಸದೆ ಹೇಳಿದರು. ‘ಒಂದೇ ಕ್ರಿಯಾಪದ ಹಿಡ್ಕೊಂಡು ತಿಂಗಳು ಪೂರ್ತಿ ಕೂತ್ರೆ ಜನ ಓಡಿಹೋಗ್ತಾರೆ ಕಣೇ’ ಅಂದಿದ್ದ ಗೆಳತಿಯರೇ ಈಗ ಫೋನ್ ಮಾಡಿ ಹೇಗೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ತಿಂಗಳು ಪೂರ್ತಿ ನಾನು ಹಿಡಿದ ಆ ಒಂದು ಕ್ರಿಯಾಪದ ‘ಸಿಂಗರಿಸ್ಕೊ’. ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಲ್ಲದವರು ಯಾರಿದ್ದಾರೆ? ತೊಳ್ಕೊ, ಒರೆಸ್ಕೊ, ಬಾಚ್ಕೊ, ಹಚ್ಕೊ, ಮುಡ್ಕೊ ಎಲ್ಲ ಇದರ ಬಳಗವೇ.

ದಾರಿ ಸಿಗುವ ಮೊದಲು ಕಳೆದುಕೊಂಡಿದ್ದು ಕಡಿಮೆ ಅಲ್ಲ. ಮೊದಲು ಚಿತ್ರದ ಕಾರ್ಡು ಮಾಡಿಸಿದೆ. ನೂರಿಪ್ಪತ್ತು ಕಾರ್ಡು, ಬಣ್ಣದ ಪ್ರಿಂಟು, ಲ್ಯಾಮಿನೇಷನ್ ಸೇರಿ 7 ಸಾವಿರದ ಹತ್ತಿರ ಹೋಯಿತು. ತಲೆ ಬಾಚುತ್ತಿರುವ ಹುಡುಗಿಯ ಚಿತ್ರ ತೋರಿಸಿದರೆ ‘ಅವಳು ತಲೆ ಬಾಚಿದಳು’ ಅನ್ನುತ್ತಿದ್ದರು. ‘ಬಾಚ್ಕೊಂಡಳು’ ಅಂತ ನಾನು ತಿದ್ದುತ್ತಿದ್ದೆ. ‘ಅವಳದೇ ತಲೆ ಅಂತ ಕಾಣ್ತಾ ಇದೆಯಲ್ಲ ಮೇಡಂ, ಮತ್ತೆ ಕೊಂಡ ಯಾಕೆ?’ ಅಂತ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಚಿತ್ರದಲ್ಲಿ ಒಂದೇ ತಲೆ ಇದ್ದರೆ ‘ಕೊಂಡ’ಕ್ಕೆ ಕೆಲಸವೇ ಇಲ್ಲ. ಇಬ್ಬರಿರಬೇಕು. ಅಷ್ಟು ಹೊಳೆಯೋಕೆ ನನಗೆ ಎರಡು ವರ್ಷ ಬೇಕಾಯಿತು. ಕಾರ್ಡುಗಳು ಅಟ್ಟ ಸೇರಿದವು.

ಆಮೇಲೆ ವ್ಯಾಕರಣದಿಂದ ಹೋದೆ. ‘ಕೊಳ್ಳು’ ಬಿಡಿಸಿ ಹೇಳಿದೆ. ಅಂಗಡಿಯಲ್ಲಿ ಕೊಳ್ಳೋದು ಅವರಿಗೆ ಆಗಲೇ ಗೊತ್ತಿತ್ತು. ‘ತಲೆ ಬಾಚಿ ಏನು ಕೊಂಡ?’ ಅಂತ ತಲೆ ಕೆಡಿಸಿಕೊಂಡು ಕೂತರು.

ಕಣ್ಣು ತೆರೆಸಿದ್ದು ಒಬ್ಬ ಒಡಿಯಾ ಹುಡುಗ. ಕಟಿಂಗ್ ಶಾಪಿನಲ್ಲಿ ಕುರ್ಚಿ ಮೇಲೆ ಕೂತು, ನಾನು ಕಲಿಸಿದ್ದನ್ನೇ ನೆನಪಿಟ್ಟು, ‘ಶೇವಿಂಗ್ ಮಾಡ್ಕೊಳ್ಳಿ’ ಅಂದನಂತೆ. ‘ನಂದು ಬೆಳಿಗ್ಗೆನೇ ಆಯ್ತು ಸಾರ್, ನಿಮಗೆ ಮಾಡ್ಲಾ?’ ಅಂತ ಅಂಗಡಿಯವರು ಕೇಳಿದರಂತೆ. ಆವತ್ತು ಸಂಜೆ ಪುಸ್ತಕ ಮುಚ್ಚಿಟ್ಟು, ಆ ಕುರ್ಚಿಯನ್ನೇ ಪಾಠ ಮಾಡಿದೆ. ‘ಅಂಗಡಿಯವರು ನನಗೆ ಶೇವಿಂಗ್ ಮಾಡಿದರು.’ ‘ಮನೆಯಲ್ಲಿ ನಾನೇ ಮಾಡ್ಕೊಂಡೆ.’ ‘ಅಂಗಡಿಗೆ ಹೋಗಿ ಮಾಡಿಸ್ಕೊಂಡೆ.’ ಮೂರೂ ಬೇರೆ ಅಂತ ಒಂದೇ ಗಂಟೆಯಲ್ಲಿ ಹತ್ತು ಜನಕ್ಕೂ ಹತ್ತಿತು. ಆ ಹುಡುಗ ಮುಂದಿನ ವಾರವೇ ‘ಕಟಿಂಗ್ ಮಾಡಿಸ್ಕೊಂಡೆ ಮೇಡಂ’ ಅಂತ ತಲೆ ತೋರಿಸಿದ.

ಆಮೇಲೆ ಚಿಕ್ಕಪೇಟೆಗೆ ಹೋಗಿ 12 ಕೈಗನ್ನಡಿ, ಒಂದು ಡಜನ್ ಬಾಚಣಿಗೆ, ಪೌಡರ್ ಡಬ್ಬಿ, ಬೊಟ್ಟಿನ ಹಾಳೆ ತಂದೆ. ಎಲ್ಲ ಸೇರಿ 1,100 ದಾಟಲಿಲ್ಲ. ಒಬ್ಬರ ಬಾಚಣಿಗೆ ಇನ್ನೊಬ್ಬರು ಮುಟ್ಟುವುದಿಲ್ಲ, ಹಾಗಾಗಿ ಜೋಡಿ ಆಟಕ್ಕೆ ಬೊಟ್ಟೇ ಸರಿ. ಕನ್ನಡಿ ನೋಡ್ತಾ ‘ನಾನು ಬೊಟ್ಟು ಇಟ್ಕೊಂಡೆ’. ಪಕ್ಕದವಳ ಹಣೆಗೆ ಕೈ ಹೋದಾಗ ‘ಇವಳಿಗೆ ಬೊಟ್ಟು ಇಟ್ಟೆ’. ಬೆರಳು ಯಾವ ಕಡೆ ಹೋಯಿತೋ ಮಾತೂ ಆ ಕಡೆ ಹೋಗುತ್ತದೆ. ಗಂಡಸರಿಗೆ ಕಾಲರ್ ಸರಿಮಾಡ್ಕೊಳ್ಳೋದು, ತೋಳು ಮಡಿಸ್ಕೊಳ್ಳೋದು. ನಡುವೆ ಒಂದು ಕಂಪನಿಯ ಬ್ಯಾಚು ಇದನ್ನು ಮಕ್ಕಳಾಟ ಅಂತ ಅರ್ಧಕ್ಕೆ ನಿಲ್ಲಿಸಿತು. 40 ಸಾವಿರಕ್ಕೆ ಒಪ್ಪಿದ್ದು, ಕೈಗೆ ಬಂದದ್ದು 12. ಆದರೂ ಕನ್ನಡಿ ಬಿಡಲಿಲ್ಲ.

ಇನ್ನೊಂದು ಗುಟ್ಟು ಹೇಳುತ್ತೇನೆ. ‘ಕೊ’ ಅವರಿಗೆ ಹೊಸದೇ ಅಲ್ಲ. ಬೆಂಗಳೂರಿಗೆ ಬಂದ ವಾರದಲ್ಲೇ ‘ಕೂತ್ಕೊಳ್ಳಿ’, ‘ತಗೊಳ್ಳಿ’ ಕಿವಿಗೆ ಬಿದ್ದಿರುತ್ತದೆ. ಅದನ್ನು ಒಂದೇ ಪದ ಅಂತ ನುಂಗಿರುತ್ತಾರೆ. ಅದನ್ನು ಬಿಡಿಸಿ ತೋರಿಸುವ ದಿನ ಯಾವುದು, ಹೇಗೆ ಅನ್ನುವುದೇ ನನ್ನ ಅಸಲು ಆಟ. ಅದನ್ನು ನನ್ನ ಹತ್ತಿರವೇ ಇಟ್ಕೊಳ್ಳುತ್ತೇನೆ.

ತೆಲುಗಿನವರಿಗೆ ಇಷ್ಟೆಲ್ಲ ಬೇಕಾಗಿಲ್ಲ. ಅವರಲ್ಲಿ ‘ಬಾಚ್ಕೊಂಡ’ ಅನ್ನೋಕೆ ‘ದುವ್ವುಕುನ್ನಾಡು’ ಇದೆ, ತಮಿಳಿನವರಲ್ಲಿ ‘ಬಾಚ್ಕೊ’ ಅನ್ನೋಕೆ ‘ವಾರಿಕ್ಕೋ’ ಇದೆ. ಹಿಂದಿಯವರಿಗೂ ಹೀಗೇ ಸೇತುವೆ ಕಟ್ಟೋಣ ಅಂತ ‘ಕರ್ ಲಿಯಾ’ ಅಂದರೆ ‘ಮಾಡ್ಕೊಂಡ’, ‘ಕರ್ ದಿಯಾ’ ಅಂದರೆ ‘ಮಾಡಿಕೊಟ್ಟ’ ಅಂತ ಹೇಳಿಕೊಟ್ಟೆ. ತಲೆ ಬಾಚುವ ತನಕ ಚೆನ್ನಾಗಿತ್ತು. ಆಮೇಲೆ ‘ದೇಖ್ ಲಿಯಾ’ ಬಂತು, ‘ನಿನ್ನೆ ಸಿನಿಮಾ ನೋಡ್ಕೊಂಡೆ’ ಶುರುವಾಯಿತು. ಮಗುವನ್ನು ನೋಡ್ಕೊಳ್ಳಬಹುದು, ಸಿನಿಮಾ ಹೇಗೆ ನೋಡ್ಕೊಳ್ಳೋದು? ಎರಡು ಬ್ಯಾಚಿಗೇ ಆ ಸೇತುವೆ ಕೆಡವಿದೆ.

ನಾಲ್ಕನೇ ವಾರ ಜಂಬದ್ದು. ಇದು ನನಗೆ ತುಂಬ ಇಷ್ಟ. ಅಂದ ಮಾಡ್ಕೊಂಡ ಮೇಲೆ ಹೇಳ್ಕೊಳ್ಳಲೇಬೇಕಲ್ವಾ? ಹೊಗಳ್ಕೊಂಡ, ಕೊಚ್ಕೊಂಡ, ತನ್ನ ಬೆನ್ನು ತಾನೇ ತಟ್ಕೊಂಡ. ಅದೇ ಬೊಟ್ಟಿನ ಬೆರಳು ಮತ್ತೆ ತನ್ನ ಕಡೆಗೇ. ‘ಸೊಪ್ಪು ಕೊಚ್ಚಿದ’ ಅಂದರೆ ಅಡುಗೆಮನೆ, ‘ಕೊಚ್ಕೊಂಡ’ ಅಂದರೆ ಜಂಬ. ಬೀದಿಮಾತೂ ಬಿಡುವುದಿಲ್ಲ. ‘ಸ್ಕೋಪ್ ತಗೊಂಡ’, ಆದರೆ ‘ಬಿಲ್ಡಪ್ ಕೊಟ್ಟ’. ಒಂದು ಒಳಗೆ ಬರುತ್ತದೆ, ಇನ್ನೊಂದು ಹೊರಗೆ ಹೋಗುತ್ತದೆ. ಕೊನೆಗೆ ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಗಾದೆ ಕೊಟ್ಟು, ಅದಕ್ಕೊಂದು ಕ್ರಿಯಾಪದ ಸೇರಿಸಿ ಅನ್ನುತ್ತೇನೆ. ‘ಮುಡಿಸಿದ’ ಅಂದವರು ಇನ್ನೊಂದು ವಾರ ಕೂರಬೇಕು. ‘ಮುಡ್ಕೊಂಡ’ ಅಂದವರು ಪಾಸು.

‘ಮೆರೆ’ ಮಾತ್ರ ಬಹಳ ಕಾಡಿತು. ಎಲ್ಲ ಕಡೆ ‘ಕೊ’ ಹಚ್ಚಿ ರೂಢಿಯಾದವರು ‘ಹೊಸ ಬೈಕಲ್ಲಿ ಮೆರ್ಕೊಂಡ’ ಅನ್ನುತ್ತಾರೆ. ನಮ್ಮ ಬಾಯಲ್ಲಿ ಅದು ‘ಮೆರೆದ’ ಅಷ್ಟೇ. ಕನ್ನಡಿ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಮೆರೆಯೋಕೆ ಬೇಕಾಗಿರುವುದು ಕನ್ನಡಿ ಅಲ್ಲ, ನೋಡುವ ಜನ. ಅದಕ್ಕೆ ಈಗ ಮೈಸೂರು ದಸರಾ ಜಂಬೂಸವಾರಿಯ ವಿಡಿಯೋ ಹಾಕುತ್ತೇನೆ. ಆನೆಯನ್ನು ಸಿಂಗರಿಸಿದರು. ಆನೆ ಮೆರೆಯಿತು. ಅದಕ್ಕೇ ಅದು ಮೆರವಣಿಗೆ. ಆನೆ ತಾನೇ ಸಿಂಗರಿಸ್ಕೊಳ್ಳಲಿಲ್ಲ ಅನ್ನುವುದು ಎಲ್ಲರಿಗೂ ಕಣ್ಣೆದುರೇ ಕಾಣುತ್ತದೆ. ಈ ಪಾಠ ಒಂದೇ ಬ್ಯಾಚಿಗೆ ಮಾಡಿದ್ದೇನೆ. ಒಂಬತ್ತು ಜನರಲ್ಲಿ ಏಳು ಜನ ಸರಿಯಾಗಿ ಹೇಳಿದರು. ‘ಬೀಗು’ವಿಗೂ ಇದೇ ದಾರಿ ಆಗುತ್ತದಾ ಅಂತ ಮುಂದಿನ ಬ್ಯಾಚಿನಲ್ಲಿ ನೋಡಬೇಕು.